ಅತ್ತೆಯ ನಾಲಿಗೆ, ನನ್ನ ಚಕ್ರ

ಮಾರ್ಚ್ ೪, ಮಂಗಳವಾರ

ಮನೆ ಇಷ್ಟು ನಿಶ್ಶಬ್ದವಾಗಿರುವುದು ನನಗೆ ಹಿಡಿಸಿದೆ. ಇದನ್ನು ಹೇಳಿಕೊಳ್ಳಲು ಈ ಪುಟ ಬಿಟ್ಟರೆ ಬೇರೆ ಜಾಗವಿಲ್ಲ. ಗಂಡನ ಕಿವಿಗೆ ಬಿದ್ದರೆ ನಾನು ಮನುಷ್ಯಳೇ ಅಲ್ಲ ಅಂದುಬಿಟ್ಟಾರು.

ಅತ್ತೆಯವರಿಗೆ ಪಾರ್ಶ್ವವಾಯು ಬಡಿದು, ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕಾಲು ಸುಧಾರಿಸಿದೆ, ಬಲಗೈ ಇನ್ನೂ ಸೋತಿದೆ, ಬಾಯಿ ಎಡಕ್ಕೆ ಎಳೆದುಕೊಂಡಿದೆ. ನಾವು ಆಡಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಹೇಳಬೇಕಾದ್ದು ತಲೆಯಲ್ಲಿದೆಯಂತೆ, ನಾಲಿಗೆಗೆ ದಾರಿ ಮರೆತಿದೆಯಂತೆ. ಬರೆಯಲು ಹೋದರೆ ಅಕ್ಷರಗಳೂ ಕಲಸಿಹೋಗುತ್ತವೆ. ಬಸ್ ಕಂಡಕ್ಟರಾಗಿದ್ದಾಗ ಒಂದೇ ಗದರಿಕೆಗೆ ಇಡೀ ಬಸ್ಸನ್ನು ಹಿಂದಕ್ಕೆ ಸರಿಸುತ್ತಿದ್ದ ನಾಲಿಗೆ ಅದು. ನಾನು ಮಡಿಸಿದ ಬಟ್ಟೆ, ಒರೆಸಿದ ನೆಲ, ಕಟ್ಟಿದ ಜಡೆ, ಯಾವುದನ್ನೂ ಅದು ಸುಮ್ಮನೆ ಬಿಟ್ಟಿದ್ದಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವವರನ್ನು ನಾನು ಮಾತಿನ ಮೇಡಂ ಎಂದು ಕರೆಯುತ್ತೇನೆ. ವಾರಕ್ಕೊಮ್ಮೆ ಅವರ ಹತ್ತಿರ ಹೋಗಬೇಕು, ಮಿಕ್ಕ ದಿನ ಅವರ ವಿಡಿಯೋ ಪಾಠ. ಆ ಪಾಠ ನಮ್ಮ ಕಂಪನಿಯ ಮೂಲಕವೇ ಬರುವುದು ಎಂದು ಗೊತ್ತಾಗಿ ಇವತ್ತು ಅವರಿಗೆ ಎಲ್ಲಿಲ್ಲದ ಕುತೂಹಲ. "ನೀವು ಅದರಲ್ಲಿ ಏನ್ ಮಾಡ್ತೀರಿ?" ಎಂದು ಕೇಳಿದರು. ವಿಡಿಯೋ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ, ಪ್ರತಿ ತುಂಡೂ ನಮ್ಮಲ್ಲಿ ದಪ್ಪ, ಮಧ್ಯಮ, ತೆಳು ಎಂದು ಹಲವು ಅಳತೆಯಲ್ಲಿ ಇರುತ್ತದೆ ಎಂದೆ. ನೆಟ್‌ವರ್ಕ್ ಚೆನ್ನಾಗಿದ್ದರೆ ದಪ್ಪ ತುಂಡು ಬರುತ್ತದೆ, ಚಿತ್ರ ಸ್ವಚ್ಛ. ನೆಟ್‌ವರ್ಕ್ ಸೊರಗಿದರೆ ತೆಳು ತುಂಡು, ಚಿತ್ರ ಮಸುಕು. ಯಾವ ಗಳಿಗೆಗೆ ಯಾವುದು ಎಂದು ಊಹಿಸುವ ಪ್ರೋಗ್ರಾಂ ನಾನು ಬರೆದದ್ದು. ಪರದೆಯ ನಡುವೆ ಆ ಕಾಯಿಸುವ ಚಕ್ರ ತಿರುಗಿದರೆ ಜನ ಬಿಟ್ಟು ಹೋಗುತ್ತಾರೆ; ಆದ್ದರಿಂದ ಚಿತ್ರ ಏನಾದರೂ ಆಗಲಿ, ಚಕ್ರ ತಿರುಗಬಾರದು. ಇದು ನನ್ನ ನಿಯಮ. ಹೇಳುವಾಗ ಸ್ವಲ್ಪ ಬೀಗಿದೆ ಅನ್ನಿಸುತ್ತದೆ.

ನಾವು ಹೊರಡುವಾಗ ಮೇಡಂ, "ಮೊದಲ ಕೆಲವು ತಿಂಗಳೇ ಮುಖ್ಯ. ಈಗ ಬಂದಷ್ಟು ಮಾತು ಬಂತು" ಎಂದರು. ಅತ್ತೆಯವರು ಕಿಟಕಿ ಕಡೆ ನೋಡುತ್ತಿದ್ದರು.

ಮಾರ್ಚ್ ೭, ಶುಕ್ರವಾರ

ಬೆಳಗ್ಗೆ ಅತ್ತೆಯವರು ಊಟದ ಮೇಜಿನ ಮುಂದೆ ಕೂತು "ಕ... ಊ... ಕ" ಅಂದರು. "ನೀರಾ? ಚಹಾನಾ? ಕನ್ನಡಕನಾ? ಟೀವಿ ಹಾಕ್ಲಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಚಮಚ ಎತ್ತಿ ಎಸೆದರು. ಎಡಗೈ ಗುರಿ ಚೆನ್ನಾಗಿದೆ. ಆಮೇಲೆ ನೋಡಿದರೆ ಬಿಸಿಲು ನೆಟ್ಟಗೆ ಅವರ ಕಣ್ಣಿಗೇ ಹೊಡೆಯುತ್ತಿತ್ತು.

"ಅವರ ಮಾತನ್ನ ನೀವು ಮುಗಿಸ್ಬೇಡಿ, ಕಾಯಿರಿ" ಎಂದು ಮೇಡಂ ಹೇಳಿದ್ದಾರೆ. ಹೇಳುವುದು ಸುಲಭ. ಒಂದು ಶಬ್ದಕ್ಕೆ ಕಾಯುತ್ತ ಕೂತರೆ ನನ್ನ ಬಸ್ಸು ಹೋಗುತ್ತದೆ.

ಮಾರ್ಚ್ ೧೩, ಗುರುವಾರ

ಆಫೀಸಿನಲ್ಲಿ ಇವತ್ತು ನನಗೆ ಚಪ್ಪಾಳೆ. ನಮ್ಮ ಬಾಸ್‌ಗೆ ನಾವು ಇಟ್ಟ ಹೆಸರು ಸರಾಸರಿ ಸಾಹೇಬರು. ಯಾವುದೇ ವಿಷಯ ಬರಲಿ, "ಸರಾಸರಿ ಎಷ್ಟು?" ಎಂಬುದೇ ಅವರ ಮೊದಲ ಪ್ರಶ್ನೆ. ಸಿನಿಮಾ, ಆಟ, ಸುದ್ದಿ ಎಲ್ಲವನ್ನೂ ಹಿಂದಿಕ್ಕಿ ಆಸ್ಪತ್ರೆಯ ಮಾತಿನ ಪಾಠ ಮೊದಲ ಸ್ಥಾನಕ್ಕೆ ಬಂದಿದೆ. ಯಾವುದರಲ್ಲಿ? ಆಸಕ್ತಿಯಲ್ಲಿ. ನೋಡಿದ್ದನ್ನೇ ಹಿಂದಕ್ಕೆ ಒತ್ತಿ ಮತ್ತೆ ನೋಡಿದರೆ ನಮ್ಮಲ್ಲಿ ಅದು ಆಸಕ್ತಿಯ ಲೆಕ್ಕಕ್ಕೆ ಸೇರುತ್ತದೆ.

"ನೋಡಿ, ಜನ ಮತ್ತೆ ಮತ್ತೆ ನೋಡ್ತಿದ್ದಾರೆ! ಚಕ್ರ ಅಂತೂ ಒಂದು ಸಲಾನೂ ತಿರುಗಿಲ್ಲ. ಇದಪ್ಪಾ ಕೆಲಸ ಅಂದ್ರೆ" ಎಂದರು ಸಾಹೇಬರು. ಪಕ್ಕದ ಕುರ್ಚಿಯ ಗಡ್ಡದವನು ಮೇಜು ಕುಟ್ಟಿದ. ಅವನು ಯಾವುದಕ್ಕೆ ಬೇಕಾದರೂ ಮೇಜು ಕುಟ್ಟುತ್ತಾನೆ. ಆದರೂ ಖುಷಿಯಾಯಿತು.

ಮಾರ್ಚ್ ೨೦, ಗುರುವಾರ

ಖುಷಿ ಇಳಿದಿದೆ. ಆಸ್ಪತ್ರೆಯಲ್ಲಿ ಮೇಡಂ ಅತ್ತೆಯವರ ಮುಂದೆ ಕೂತು ಪರೀಕ್ಷೆ ಮಾಡಿದರು. ಪ, ಮ ಬರುತ್ತಿವೆ, ತುಟಿಯ ಕೆಲಸ. ಲ, ತ, ನ ಒಂದೂ ಇಲ್ಲ. ನಾಲಿಗೆಯ ತುದಿ ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗುತ್ತಿಲ್ಲ.

"ಮನೇಲಿ ಪಾಠ ಮಾಡ್ತಾರಾ?"

"ದಿನಾ ಮಾಡ್ತಾರೆ. ಬಾಗಿಲು ಹಾಕ್ಕೊಂಡು ಗಂಟೆಗಟ್ಟಲೆ ಕೂತಿರ್ತಾರೆ" ಎಂದೆ. ಮೇಡಂ ನಂಬಿದ ಹಾಗೆ ಕಾಣಲಿಲ್ಲ. ಏಪ್ರಿಲ್ ಮುಗಿಯುವವರೆಗೆ ನೋಡೋಣ, ಆಗದಿದ್ದರೆ ಮಾತಿನ ಪಾಠ ನಿಲ್ಲಿಸಿ ಚಿತ್ರದ ಹಲಗೆಗೆ ಹೋಗೋಣ, ಬೇರೆ ರೋಗಿಗಳು ಕಾಯುತ್ತಿದ್ದಾರೆ ಎಂದರು. ಹಲಗೆ ತೋರಿಸಿದರು. ಲೋಟ, ಹಾಸಿಗೆ, ಕಕ್ಕಸು, ಔಷಧಿ. ಬೇಕಾದ್ದರ ಮೇಲೆ ಬೆರಳಿಟ್ಟರೆ ಆಯಿತು.

ನನ್ನ ಗಂಡ, "ಅದೂ ಒಂದು ದಾರಿನೇ ಅಲ್ವಾ" ಎಂದರು. ಅತ್ತೆಯವರು ಮಗನ ಮುಖ ನೋಡಿದರು, ಆಮೇಲೆ ಹಲಗೆ ನೋಡಿದರು, ಆಮೇಲೆ ಯಾರನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಕೋಪ ಬಂತು. ಆ ಹಲಗೆಯಲ್ಲಿ ಬೈಗುಳಕ್ಕೆ ಒಂದೂ ಚಿತ್ರವಿಲ್ಲ. ಈ ಹೆಂಗಸಿಗೆ ಅಷ್ಟು ಸಾಕಾ?

ಮಾರ್ಚ್ ೨೨, ಶನಿವಾರ

ಮಧ್ಯಾಹ್ನ ಚಹಾ ಹಿಡಿದುಕೊಂಡು ಬಾಗಿಲು ತಟ್ಟದೆ ಅವರ ಕೋಣೆಗೆ ಹೋದೆ. ಹಿಂಬದಿಯ ಕೋಣೆ, ದಪ್ಪ ಗೋಡೆ, ಮನೆಯಲ್ಲೆಲ್ಲ ಸಿಗ್ನಲ್ ಅತಿ ಕಡಿಮೆ ಇರುವ ಜಾಗ. ಹಾಲ್‌ನಲ್ಲಿ ಕೂತು ಮಾಡಿ ಎಂದರೆ ಕೇಳುವುದಿಲ್ಲ, ಸೊಟ್ಟ ಬಾಯಿ ಯಾರೂ ನೋಡಬಾರದು. ಸಿಗ್ನಲ್ ಹೆಚ್ಚಿಸಲು ಗಂಡ ತಂದ ಡಬ್ಬಿಯ ದೀಪ ಮಿಣುಕುತ್ತದೆ, ಅಷ್ಟೆ. ಪಾಠವನ್ನು ಟ್ಯಾಬಿಗೇ ಇಳಿಸಿಕೊಳ್ಳಲು ಆಸ್ಪತ್ರೆಯವರು ಬಿಡುವುದಿಲ್ಲ.

ಅತ್ತೆಯವರು ಟ್ಯಾಬನ್ನು ದಿಂಬಿಗೆ ಒರಗಿಸಿಕೊಂಡು, ಎಡಗೈಯಲ್ಲಿ ಕನ್ನಡಿ ಹಿಡಿದು ಕೂತಿದ್ದರು. ಪರದೆಯ ಮೇಲೆ ಮೇಡಂ "ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ, ನೋಡಿ, ಲ" ಅನ್ನುತ್ತಿದ್ದರು. ನೋಡುವುದಕ್ಕೆ ಅಲ್ಲಿ ಬಾಯಿ ಎಲ್ಲಿತ್ತು? ಕಂದು ಬಣ್ಣದ ನಾಲ್ಕಾರು ಚೌಕ ಅಲ್ಲಾಡುತ್ತಿದ್ದವು. ಅತ್ತೆಯವರು ಕನ್ನಡಿ ಕೆಳಗಿಟ್ಟು ಹಿಂದಕ್ಕೆ ಒತ್ತಿದರು. ಚಿತ್ರ ಇನ್ನಷ್ಟು ಮಸುಕಾಯಿತು. ಮತ್ತೆ ಒತ್ತಿದರು. ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ಆ ಚೌಕಗಳು ಅಲ್ಲಾಡಿದ ಹಾಗೆಯೇ ತುಟಿ ಅಲ್ಲಾಡಿಸಿದರು. ಅವರು ಇಷ್ಟು ದಿನ ಕಲಿಯುತ್ತಿದ್ದದ್ದು ಅದನ್ನು.

ಒಂದು ಸಲವೂ ಚಕ್ರ ತಿರುಗಲಿಲ್ಲ.

ಚಹಾ ಅಲ್ಲೇ ಇಟ್ಟು ಬಂದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ಮಾರ್ಚ್ ೨೪, ಸೋಮವಾರ

ಆಫೀಸಿಗೆ ಹೋದವಳೇ ಎಲ್ಲ ತೆಗೆದು ನೋಡಿದೆ. ಹಿಂದಕ್ಕೆ ಒತ್ತಿದ ಕೂಡಲೇ ನನ್ನ ಪ್ರೋಗ್ರಾಂ ಕೈಯಲ್ಲಿದ್ದ ತುಂಡುಗಳನ್ನೆಲ್ಲ ಬಿಸಾಡುತ್ತದೆ. ಚಕ್ರ ತಿರುಗಬಾರದಲ್ಲ, ಅದಕ್ಕೆ ಬೇಗ ಬರುವ ತೀರಾ ತೆಳು ತುಂಡಿನಿಂದ ಮತ್ತೆ ಶುರು. ಸಿನಿಮಾ ನೋಡುವವರು ಯಾವಾಗಲೋ ಒಮ್ಮೆ ಹಿಂದಕ್ಕೆ ಹೋಗುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಪಾಠ ನೋಡುವವರು ಹಿಂದಕ್ಕೆ ಹೋಗುವುದೇ ಕಾಣದಿದ್ದಕ್ಕೆ. ಹೋದಷ್ಟೂ ಕಾಣುವುದಿಲ್ಲ. ನಮ್ಮ ಮನೆಯೊಂದೇ ಅಲ್ಲ, ಸಿಗ್ನಲ್ ಸೊರಗಿದ ಪ್ರತಿ ಮನೆಯಲ್ಲೂ ಹೀಗೇ.

"ಸರ್, ಜನ ಇಷ್ಟಪಟ್ಟು ಮತ್ತೆ ನೋಡ್ತಿಲ್ಲ. ಕಾಣ್ದೆ ಮತ್ತೆ ನೋಡ್ತಿದ್ದಾರೆ" ಎಂದೆ.

ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಮೊನ್ನೆ ತಾನೆ ಚಪ್ಪಾಳೆ ಹೊಡೆಸ್ಕೊಂಡ್ರಲ್ರೀ!"

"ವಾಪಸ್ ತಗೊಳ್ಳಿ ಸರ್."

ಗಡ್ಡದವನು ನಕ್ಕ, ಆದರೆ ನಗು ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಪಕ್ಕ ಕೂತ. ಸಾಹೇಬರು ಆಸ್ಪತ್ರೆಯ ಪಾಠಕ್ಕೆ ಮಾತ್ರ ಬದಲಾವಣೆ ಮಾಡಿ ನೋಡಿ ಎಂದರು. ಜನ ಬಿಟ್ಟು ಹೋಗತೊಡಗಿದರೆ ಅದೇ ದಿನ ಹಳೆಯದಕ್ಕೆ ವಾಪಸ್. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರೂ ಹೇಳಿದರಲ್ಲ, ಸಾಕು.

ಮಾರ್ಚ್ ೨೯, ಶನಿವಾರ

ಸೋಲು. ದಪ್ಪ ತುಂಡು ಬರುವವರೆಗೂ ಕಾಯಲಿ, ಮಸುಕು ಬೇಡವೇ ಬೇಡ ಎಂದು ಪ್ರೋಗ್ರಾಂ ತಿದ್ದಿ ಮನೆಗೆ ತಂದೆ. ಹಾಕಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಸಂಜೆ ಹೊತ್ತು, ಕಟ್ಟಡದವರೆಲ್ಲ ಪಂದ್ಯ ನೋಡುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಚಕ್ರ ನೋಡಿದರು, ಸ್ವಲ್ಪ ಹೊತ್ತು ನನ್ನನ್ನು ನೋಡಿದರು, ಟ್ಯಾಬನ್ನು ಬೋರಲು ಹಾಕಿ ಮಲಗಿ ಹೊದ್ದುಕೊಂಡರು. ತಾಳಿದವನು ಬಾಳಿಯಾನು ಎಂದು ಗಾದೆ ಹೇಳಿದವನ ಮನೆಯಲ್ಲಿ ಸಿಗ್ನಲ್ ಚೆನ್ನಾಗಿದ್ದಿರಬೇಕು.

ಆದರೆ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಲಿಲ್ಲ. ಮಂಚದ ತುದಿಯಲ್ಲಿ ಕೂತು ಅಲ್ಲೇ ಕೆಲಸ ಮಾಡಿದೆ.

ಏಪ್ರಿಲ್ ೨, ಬುಧವಾರ

ಎರಡು ಸಂಗತಿ.

ಒಂದು: ಪರದೆಯನ್ನು ಹತ್ತಿರದಿಂದ ನೋಡಿದಾಗ ಕಂಡದ್ದು, ಮೇಡಂ ಹಿಂದಿರುವ ಹೂವಿನ ಕರ್ಟನ್. ಸಣ್ಣ ಸಣ್ಣ ಹೂವು, ಫ್ಯಾನಿನ ಗಾಳಿಗೆ ಸದಾ ಅಲ್ಲಾಟ. ಅಲ್ಲಾಡುವುದನ್ನೆಲ್ಲ ಪ್ರತಿ ಸಲ ಹೊಸದಾಗಿ ಕಳಿಸಬೇಕು, ಹಾಗಾಗಿ ಬರುವಷ್ಟು ದತ್ತಾಂಶವನ್ನು ಆ ಹೂವುಗಳೇ ತಿಂದು ತೇಗುತ್ತಿವೆ, ಬಾಯಿಗೆ ಏನೂ ಉಳಿಯುತ್ತಿಲ್ಲ. ಮೇಡಂಗೆ ಫೋನ್ ಮಾಡಿ, ಖಾಲಿ ಗೋಡೆಯ ಮುಂದೆ ಕೂತು ಪಾಠವನ್ನು ಮತ್ತೊಮ್ಮೆ ಮಾಡಿಕೊಡಿ, ಬಾಯಿ ಪರದೆ ತುಂಬ ಕಾಣಲಿ ಎಂದೆ.

"ಅಯ್ಯೋ, ಆ ಕರ್ಟನ್ ನಾನೇ ಆರಿಸಿ ತಂದಿದ್ದು ಕಣ್ರೀ. ವಿಡಿಯೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ!"

"ಕರ್ಟನ್ ಚೆನ್ನಾಗೇ ಕಾಣ್ತಿದೆ ಮೇಡಂ. ನೀವು ಕಾಣ್ತಿಲ್ಲ."

ಮೇಡಂ ನಕ್ಕು ಒಪ್ಪಿದರು.

ಎರಡು: ಅತ್ತೆ ಒಂದು ಸಲ ನೋಡುತ್ತಾರೆ, ನಿಲ್ಲಿಸುತ್ತಾರೆ, ಕನ್ನಡಿ ಹಿಡಿದು ಅಭ್ಯಾಸ ಮಾಡುತ್ತಾರೆ, ಆಮೇಲೆ ಹಿಂದಕ್ಕೆ ಒತ್ತುತ್ತಾರೆ. ಅವರು ಕನ್ನಡಿ ನೋಡುವ ಅಷ್ಟೂ ಹೊತ್ತು ನನ್ನ ಪ್ರೋಗ್ರಾಂ ಸುಮ್ಮನೆ ಕೈ ಕಟ್ಟಿ ಕೂತಿರುತ್ತದೆ. ಆ ಹೊತ್ತಿನಲ್ಲಿ ಈಗಷ್ಟೇ ನೋಡಿದ ತುಂಡನ್ನೇ ದಪ್ಪಗೆ ತರಿಸಿ ಇಟ್ಟುಕೊಳ್ಳಬಾರದೇಕೆ? ಮೊದಲ ಸಲ ಮಸುಕಾಗಿದ್ದರೂ ಸರಿ, ಚಕ್ರ ತಿರುಗಬೇಕಿಲ್ಲ. ಎರಡನೇ ಸಲಕ್ಕೆ ತಿಳಿಯಾಗಲಿ, ಮೂರನೆಯದಕ್ಕೆ ಇನ್ನೂ ತಿಳಿಯಾಗಲಿ. ಮಂಚದ ತುದಿಯಲ್ಲಿ ಕೂತು ಅವರನ್ನೇ ನೋಡದಿದ್ದರೆ ನನ್ನ ಬುದ್ಧಿಗೆ ಇದು ಹೊಳೆಯುತ್ತಿರಲಿಲ್ಲ.

ಗಡ್ಡದವನಿಗೆ ಹೇಳಿದೆ. ಈ ಸಲ ಮೇಜು ಕುಟ್ಟಲಿಲ್ಲ, "ಹೌದಲ್ಲೇ" ಎಂದು ಗಡ್ಡ ಕೆರೆದುಕೊಂಡ.

ಏಪ್ರಿಲ್ ೫, ಶನಿವಾರ

ದಿನವಿಡೀ ನಾವಿಬ್ಬರೂ ಕೋಣೆಯಲ್ಲೇ. ಮಸುಕಾದರೆ ಅತ್ತೆ ನನ್ನ ಮೊಣಕಾಲಿಗೆ ಹೊಡೆಯುತ್ತಾರೆ, ಸರಿ ಹೋದರೆ ಸುಮ್ಮನಿರುತ್ತಾರೆ. ಮೊಣಕಾಲು ಕೆಂಪಾಗಿದೆ. ನಡುವೆ ಯಾವುದಕ್ಕೋ ಬಾಯಿ ತೆರೆದರು, ಮಾತು ಹೊರಡಲಿಲ್ಲ, ನಾನು ಕಾದೆ. ಕೊನೆಗೆ "ಪ... ಪು" ಅಂದರು. ಪುಸ್ತಕವಲ್ಲ, ಪುಡಿಯಲ್ಲ, ನನ್ನ ಪೆನ್ನು ಅವರ ಕೆಳಗೆ ಚುಚ್ಚುತ್ತಿತ್ತು. ಇಬ್ಬರೂ ನಕ್ಕೆವು. ಅವರ ನಗು ಸೊಟ್ಟಗಿದೆ, ನೋಡಲು ಚೆನ್ನಾಗಿದೆ. ಇವತ್ತು ಅಡುಗೆ ತಡವಾಯಿತು, ಬ್ರೆಡ್ಡು ಮೊಟ್ಟೆಯಲ್ಲಿ ಮುಗಿಸಿದೆವು.

ಏಪ್ರಿಲ್ ೮, ಮಂಗಳವಾರ

ಬಂತು!

ಖಾಲಿ ಗೋಡೆಯ ಮುಂದಿನ ಹೊಸ ಪಾಠ, ಹೊಸ ಪ್ರೋಗ್ರಾಂ. ಮೊದಲ ಸಲ ಮಸುಕು. ಅತ್ತೆ ನಿಲ್ಲಿಸಿದರು, ಕನ್ನಡಿಯಲ್ಲಿ ಪ್ರಯತ್ನಿಸಿದರು, ಹಿಂದಕ್ಕೆ ಒತ್ತಿದರು. ಮೇಡಂ ತುಟಿಯ ಅಂಚು ಮೂಡಿತು. ಮತ್ತೆ ಕನ್ನಡಿ, ಮತ್ತೆ ಹಿಂದಕ್ಕೆ. ಈ ಸಲ ಹಲ್ಲು ಕಂಡಿತು, ಹಲ್ಲಿನ ಹಿಂದೆ ನಾಲಿಗೆಯ ತುದಿ ಕಂಡಿತು, ಅದು ಮೇಲೆ ತಾಗಿ ಕೆಳಗೆ ಬಿದ್ದದ್ದೂ ಕಂಡಿತು. ಅತ್ತೆ ಬೆರಳಿನಿಂದ ಪರದೆ ಮುಟ್ಟಿದರು, ಅದೇ ಬೆರಳನ್ನು ತಮ್ಮ ಬಾಯಿಗೆ ಹಾಕಿ ಹಲ್ಲಿನ ಹಿಂದಿನ ಜಾಗ ಮುಟ್ಟಿ ನೋಡಿಕೊಂಡರು. ಓ, ಇಲ್ಲೇನಾ! ಎಂಬಂತೆ ಹುಬ್ಬು ಮೇಲೆ ಹೋಯಿತು.

ಒಂದು ಸಲ ಗಾಳಿ ಬಂತು. ಇನ್ನೊಂದು ಸಲ "ಯ" ಬಂತು. ಆಮೇಲೆ "ಲ".

ಸರಿಯಾದ, ದುಂಡನೆಯ "ಲ". ನಾನು ಚೀರಿದೆ. ಅವರು ಗದರುವಂತೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ ಮತ್ತೆ "ಲ" ಅಂದರು, "ಲಾ" ಅಂದರು, "ಲಾಲಾಲಾ" ಅಂದರು. ಲಿಫ್ಟ್ ರಿಪೇರಿಗೆ ಹೋಗಿದ್ದ ಗಂಡ ಗ್ರೀಸ್ ಕೈಯಲ್ಲೇ ಬಂದು ಬಾಗಿಲಿನ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ತೋಳಿನಿಂದ ಕಣ್ಣು ಒರೆಸಿಕೊಂಡರು.

ಏಪ್ರಿಲ್ ೧೦, ಗುರುವಾರ

ಲಾಲಾಲಾ ಇನ್ನೂ ನಿಂತಿಲ್ಲ. ಮೇಲಿನ ಮನೆಯವರು ಸಂಗೀತ ಕಲಿಯುತ್ತಿದ್ದೀರಾ ಎಂದು ಕೇಳಿದರು.

ಏಪ್ರಿಲ್ ೧೬, ಬುಧವಾರ

ಸರಾಸರಿ ಸಾಹೇಬರು ಕರೆಸಿದರು. ಮುಖ ಬಾಡಿತ್ತು.

"ಪಾಠದ ಆಸಕ್ತಿ ಬಿದ್ದು ಹೋಗಿದೆ. ಜನ ಹಿಂದಕ್ಕೆ ಒತ್ತೋದು ಅರ್ಧಕ್ಕೂ ಕಡಿಮೆ. ಹಳೇದನ್ನೇ ವಾಪಸ್ ಹಾಕೋಣ."

"ಸರ್, ಎಷ್ಟು ಜನ ಒಂದು ಪಾಠ ಮುಗಿಸಿ ಮುಂದಿನ ಪಾಠಕ್ಕೆ ಹೋದ್ರು ಅಂತ ನೋಡಿದ್ರಾ?"

ನೋಡಿರಲಿಲ್ಲ. ತೋರಿಸಿದೆ. ಮೊದಲು ಹೆಚ್ಚಿನವರು "ಲ" ಪಾಠದಲ್ಲೇ ಸಿಕ್ಕಿಬಿದ್ದಿದ್ದರು. ಈಗ ಒಬ್ಬೊಬ್ಬರಾಗಿ ದಾಟುತ್ತಿದ್ದಾರೆ. ಯಾರು, ಎಲ್ಲಿಯವರು ನನಗೆ ಗೊತ್ತಿಲ್ಲ. ಯಾವುದೋ ಮನೆಗಳಲ್ಲಿ ಕನ್ನಡಿ ಹಿಡಿದು ಕೂತಿರುವವರು.

"ಅಂದ್ರೆ ಕಡಿಮೆ ನೋಡೋದೇ ಒಳ್ಳೇದು ಅಂತೀರಾ?" ಸಾಹೇಬರಿಗೆ ಆ ಮಾತನ್ನು ನುಂಗುವುದು ಕಷ್ಟವಾಯಿತು.

"ಈ ಪಾಠಕ್ಕೆ ಹೌದು ಸರ್. ಕಂಡ್ಮೇಲೆ ಮತ್ತೆ ಯಾಕೆ ನೋಡ್ತಾರೆ?"

ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಮೊದಲಾಗಿದ್ದರೆ ಆ ಮೌನಕ್ಕೆ ನಾನೇ ಹತ್ತು ಕಾರಣ ತುಂಬಿ ಕೆಲಸ ಕೆಡಿಸಿಕೊಳ್ಳುತ್ತಿದ್ದೆ. ಇವತ್ತು ಯಾಕೋ ಸುಮ್ಮನೆ ನಿಂತೆ. ಕೊನೆಗೆ, "ಸರಿ, ಇರ್ಲಿ ಬಿಡಿ" ಎಂದರು.

ಏಪ್ರಿಲ್ ೨೪, ಗುರುವಾರ

ಆಸ್ಪತ್ರೆ. ಅತ್ತೆ ಲ, ನ ಎರಡನ್ನೂ ಹೇಳಿದರು. ತ ಇನ್ನೂ ಜಾರುತ್ತದೆ. ಎರಡು ಮೂರು ಶಬ್ದ ಒಟ್ಟಿಗೆ ಬರುವುದಿಲ್ಲ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಮೇಡಂ ಚಿತ್ರದ ಹಲಗೆಯನ್ನು ಬೀರುವಿನಲ್ಲಿಟ್ಟು, ಪಾಠ ಮುಂದುವರಿಸೋಣ ಎಂದರು. ಅತ್ತೆ ಮೇಡಂ ಕೋಣೆಯ ಹೂವಿನ ಕರ್ಟನ್ ನೋಡಿ, ನನ್ನನ್ನು ನೋಡಿ, ಮೂಗು ಮುರಿದರು. ಅಲ್ಲಿಂದ ಹೊರಗೆ ಬರುವವರೆಗೂ ನಗು ತಡೆದುಕೊಳ್ಳುವುದು ದೊಡ್ಡ ಕೆಲಸವಾಯಿತು.

ಮೇ ೪, ಭಾನುವಾರ

ಇದನ್ನು ಪೂರ್ತಿ ಬರೆದಿಡಬೇಕು.

ಶುಕ್ರವಾರ ಸಾಹೇಬರು ಹೊಸ ಕೆಲಸ ಹೇಳಿದ್ದರು. ಇನ್ನೂ ಹಲವು ಆಸ್ಪತ್ರೆಗಳು ಪಾಠ ಕೇಳುತ್ತಿವೆ. ನಾನು ಊರೂರಿಗೆ ಹೋಗಿ, ರೋಗಿಗಳ ಮನೆಯಲ್ಲೇ ಕೂತು, ಅವರು ಹೇಗೆ ನೋಡುತ್ತಾರೆ, ಎಲ್ಲಿ ಕಾಣುವುದಿಲ್ಲ ಎಂದು ತಿಳಿದು ಬರಬೇಕು. ತಿಂಗಳಿಗೊಂದು ವಾರ ಮನೆಯಲ್ಲಿ ಇರುವುದಿಲ್ಲ. ಕೇಳಿದ ಕೂಡಲೇ ಎದೆ ಕುಣಿಯಿತು. ಒಪ್ಪಿಕೊಳ್ಳುವ ಮೊದಲು ಮನೆಯಲ್ಲಿ ಮಾತಾಡುತ್ತೇನೆ ಎಂದು ಬಂದಿದ್ದೆ.

ಮಧ್ಯಾಹ್ನದ ಊಟಕ್ಕೆ ಮೂವರೂ ಕೂತಿದ್ದೆವು. ನಾನು ವಿಷಯ ತೆಗೆದೆ. ಅರ್ಧ ಹೇಳುವಷ್ಟರಲ್ಲೇ ಗಂಡ ಕೈ ಅಡ್ಡ ಹಿಡಿದರು.

"ವಾರಗಟ್ಟಲೆ ಹೋದ್ರೆ ಅಮ್ಮನ್ನ ಯಾರು ನೋಡ್ಕೊಳ್ತಾರೆ? ಅಮ್ಮನಿಗೆ ನೀನಿಲ್ದೆ ಆಗುತ್ತಾ? ಪಾಠಕ್ಕೆ ಯಾರು ಕೂರ್ತಾರೆ? ಅಮ್ಮ ಒಪ್ಪಲ್ಲ ಬಿಡು."

ಕೆಟ್ಟ ಮನುಷ್ಯ ಅಲ್ಲ ಅವರು. ಹೆದರಿದ್ದಾರೆ, ಅಷ್ಟೆ. ಅಷ್ಟರಲ್ಲಿ ಅತ್ತೆ ಚಮಚವನ್ನು ತಟ್ಟೆಯ ಪಕ್ಕಕ್ಕೆ ಇಟ್ಟು ಬಾಯಿ ತೆರೆದರು.

"ಅ..." ಅಂದರು.

"ಅನ್ನ ಬೇಕೇನಮ್ಮಾ?" ಎಂದು ಗಂಡ ಪಾತ್ರೆಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. "ಶ್, ತಡೀರಿ."

ಅತ್ತೆಯ ಮುಖ ಕೆಂಪಾಯಿತು. ತುಟಿ ಎಡಕ್ಕೆ ಎಳೆಯಿತು, ಅದನ್ನು ಅವರು ಮಧ್ಯಕ್ಕೆ ತಂದುಕೊಂಡರು. ನಾಲಿಗೆ ಒಳಗೆ ಜಾಗ ಹುಡುಕುತ್ತಿರುವುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿ ಹೋದರು. ಗಂಡ ಎರಡು ಸಲ ನನ್ನ ಕಡೆ ನೋಡಿದರು. ನಾನು ಕೈ ಬಿಡಲಿಲ್ಲ.

"ಅಮ್ಮ," ಅಂದರು ಅತ್ತೆ. ಉಸಿರು ತೆಗೆದುಕೊಂಡರು. "ಅಮ್ಮ... ಇಲ್ಲೇ... ಇದಾಳೆ."

ಗಂಡ ಪಾತ್ರೆಯಿಂದ ಕೈ ಹಿಂದಕ್ಕೆ ತೆಗೆದರು.

"ಅಮ್ಮನ್ನೇ... ಕೇಳು."

ಅಡ್ಡಾದಿಡ್ಡಿಯಾಗಿ, ನಡುವೆ ಗಾಳಿ ಸೋರಿ, ಆದರೆ ಪ್ರತಿ ಶಬ್ದವೂ ಬಂತು. ಈ ಎರಡು ತಿಂಗಳು ನಾವೆಲ್ಲ ಅವರ ಮುಂದೆಯೇ ಅವರ ಬಗ್ಗೆ ಎಷ್ಟು ಮಾತಾಡಿದ್ದೆವು! ಮಗ ಚಮಚ ಕೆಳಗಿಟ್ಟು, ಕುರ್ಚಿಯನ್ನು ತಾಯಿಯ ಕಡೆ ತಿರುಗಿಸಿಕೊಂಡು ಕೂತರು.

"ಏನ್ ಮಾಡ್ಲಿ ಹೇಳಮ್ಮಾ. ಇವ್ಳು ಹೋಗ್ಲಾ?"

ಅತ್ತೆ ನನ್ನನ್ನು ನೋಡಿದರು. ಮತ್ತೆ ಬಾಯಿ ತೆರೆದರು. ಈ ಸಲ ಗಂಡನೂ ಕಾದರು. ಅನ್ನ ಆರುತ್ತಿತ್ತು, ಆರಲಿ ಅನ್ನಿಸಿತು.

"ಹೋಗ್ಲಿ," ಅಂದರು. ಅಷ್ಟಕ್ಕೇ ಮುಗಿಯಿತು ಅಂದುಕೊಂಡು ನಾನು ಏಳಲು ಹೊರಟೆ. ಅವರು ಎಡಗೈ ಚಾಚಿ ನನ್ನನ್ನು ಕೂರಿಸಿದರು, ಹೇಳುವುದು ಇನ್ನೂ ಇತ್ತು. ನಾವಿಬ್ಬರೂ ಕೂತು ಕೇಳಿದೆವು.